ಆಡು ಮುಟ್ಟುವ ಸೊಪ್ಪೆಲ್ಲ ಆಡಿನ ಮೇವಲ್ಲ

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆ ಎಲ್ಲರ ಬಾಯಲ್ಲೂ ಇದೆ. ಗಾದೆ ಸುಳ್ಳಲ್ಲ. ಆದರೆ ಅದರಲ್ಲಿರುವ ಮಾತು ‘ಮುಟ್ಟದ’ ಅಂತ, ‘ತಿನ್ನದ’ ಅಂತ ಅಲ್ಲ. ಮೇಕೆ ಎಲ್ಲ ಗಿಡಕ್ಕೂ ಮೂತಿ ಇಡುತ್ತದೆ, ಮೂಸುತ್ತದೆ, ಎರಡು ಎಲೆ ಕಿತ್ತು ಮುಂದಕ್ಕೆ ಹೋಗುತ್ತದೆ. ಹೊಟ್ಟೆ ತುಂಬ ತಿನ್ನುವುದು ಕೆಲವನ್ನು ಮಾತ್ರ. ಗಾದೆಯನ್ನು ಅರ್ಧ ಕೇಳಿದವರು ‘ಮೇಕೆಗೇನು, ಏನು ಹಾಕಿದ್ರೂ ತಿಂತದೆ, ಏನು ತಿಂದ್ರೂ ಅರಗಿಸ್ಕಂತದೆ’ ಅಂದುಕೊಂಡಿದ್ದಾರೆ. ಅಲ್ಲೇ ನಷ್ಟ ಆಗುವುದು.

ಚಳ್ಳಕೆರೆ, ಹಿರಿಯೂರು ಕಡೆಯ ನಮ್ಮಂಥ ಬೆದ್ದಲು ರೈತರಿಗೆ ಮೇಕೆ ಅಂದರೆ ಬ್ಯಾಂಕಿನಲ್ಲಿಟ್ಟ ದುಡ್ಡಿದ್ದ ಹಾಗೆ. ಶೇಂಗಾ ಕೈಕೊಟ್ಟ ವರ್ಷ ಮಗಳ ಮದುವೆಗೋ, ಆಸ್ಪತ್ರೆ ಖರ್ಚಿಗೋ, ಬಿತ್ತನೆ ಬೀಜಕ್ಕೋ ಎರಡು ಹೋತ ಮಾರಿದರೆ ಮಾನ ಉಳಿಯುತ್ತದೆ. ಹತ್ತು ಮೇಕೆ ಇರುವವನ ರೊಪ್ಪದಲ್ಲಿ ಒಂದೇ ಮಧ್ಯಾಹ್ನ ಐದು ಸತ್ತರೆ ಆ ಮನೆ ಎರಡು ವರ್ಷ ಮೇಲೇಳಲ್ಲ. ಹೀಗೆ ಒಟ್ಟಿಗೆ ಸಾಯುವುದು ರೋಗದಿಂದ ಎಷ್ಟೋ, ಮೇವಿನಿಂದಲೂ ಅಷ್ಟೇ. ರೋಗಕ್ಕೆ ಸೂಜಿ ಹಾಕಿಸಬಹುದು. ಮೇವಿನ ವಿಷಕ್ಕೆ ಲಸಿಕೆ ಇಲ್ಲ, ತಿಳುವಳಿಕೆ ಒಂದೇ.

ನಾನು ಓದಿದ್ದು ಏಳನೇ ಕ್ಲಾಸು. ಇಲ್ಲಿ ಬರೆದದ್ದು ಮೇಕೆಯ ಹಿಂದೆ ತಿರುಗಿ ಕಂಡದ್ದು, ಹಿರಿಯರಿಂದ ಕೇಳಿದ್ದು ಮತ್ತು ಪಶುವೈದ್ಯರಲ್ಲಿ ಕೇಳಿ ಗಟ್ಟಿ ಮಾಡಿಕೊಂಡದ್ದು.

ಮೇಕೆ ಬದುಕುವುದು ಆರಿಸಿ ತಿಂದು

ದನ ನಾಲಿಗೆ ಸುತ್ತಿ ಹುಲ್ಲು ಎಳೆಯುತ್ತದೆ. ಕುರಿ ತಲೆ ಬಗ್ಗಿಸಿ ನೆಲ ಕೆರೆದ ಹಾಗೆ ಮೇಯುತ್ತದೆ. ಮೇಕೆ ತಲೆ ಎತ್ತಿ ಮೇಯುವ ಪ್ರಾಣಿ. ತುಟಿಯಿಂದ ಮುಳ್ಳಿನ ನಡುವಿನ ಎಲೆಯನ್ನೂ ಬಿಡಿಸಿಕೊಳ್ಳುತ್ತದೆ. ಹಿಂಗಾಲಲ್ಲಿ ನಿಂತು ಕೊಂಬೆ ಬಗ್ಗಿಸುತ್ತದೆ. ಒಂದು ದಿನ ಅಡವಿಯಲ್ಲಿ ಬಿಟ್ಟು ಹಿಂದೆಯೇ ನಡೆದು ನೋಡಿ, ಇಪ್ಪತ್ತು ಬಗೆ ಸೊಪ್ಪು ತಿಂದಿರುತ್ತದೆ. ಯಾವುದನ್ನೂ ಅತಿ ಮಾಡಿರುವುದಿಲ್ಲ. ಒಂದು ಸೊಪ್ಪಿನಲ್ಲಿ ಒಗರು, ಇನ್ನೊಂದರಲ್ಲಿ ಕಹಿ, ಮತ್ತೊಂದರಲ್ಲಿ ಸ್ವಲ್ಪ ವಿಷ ಇದ್ದರೂ ಹೊಟ್ಟೆಯಲ್ಲಿ ಎಲ್ಲ ಬೆರೆತು ತೆಳುವಾಗುತ್ತದೆ.

ಮೇಕೆಯ ದೊಡ್ಡ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳಿವೆ. ಸೊಪ್ಪನ್ನು ನಿಜವಾಗಿ ಅರಗಿಸುವುದು ಅವು. ದಿನಾ ಬರುವ ಮೇವಿಗೆ ಅವು ಹೊಂದಿಕೊಂಡಿರುತ್ತವೆ. ಹೊಸ ಮೇವು ಏಕಾಏಕಿ ಬಿದ್ದರೆ ಕಕ್ಕಾಬಿಕ್ಕಿ ಆಗುತ್ತವೆ. ಅದಕ್ಕೇ ಯಾವುದೇ ಹೊಸ ಮೇವನ್ನು ಎಂಟು ಹತ್ತು ದಿನ ತೆಗೆದುಕೊಂಡು, ಮೊದಲು ಒಂದು ಹಿಡಿ, ಆಮೇಲೆ ಎರಡು ಹಿಡಿ ಅಂತ ರೂಢಿ ಮಾಡಿಸಬೇಕು.

ಹಾಗಾದರೆ ಮೇಕೆಗೆ ವಿಷ ಬಡಿಯುವುದು ಯಾವಾಗ? ಆರಿಸುವ ಅವಕಾಶ ತಪ್ಪಿದಾಗ. ಅದು ನಾಲ್ಕು ಥರ.

ಒಂದು, ಹಸಿವು. ಬೆಳಗ್ಗೆಯಿಂದ ರೊಪ್ಪದಲ್ಲಿ ಕೂಡಿಹಾಕಿ ಮಧ್ಯಾಹ್ನ ಬಿಟ್ಟರೆ ಮೊದಲು ಕಂಡ ಹಸಿರಿಗೇ ಬಾಯಿ ಹಾಕುತ್ತದೆ. ಹಸಿದ ಮೇಕೆಗೆ ನಾಲಿಗೆ ಇಲ್ಲ.

ಎರಡು, ಹಗ್ಗ. ಗೂಟಕ್ಕೆ ಕಟ್ಟಿದರೆ ಹಗ್ಗದಳತೆಯಲ್ಲಿ ಏನಿದೆಯೋ ಅದೇ ಊಟ.

ಮೂರು, ಕತ್ತರಿಸಿದ ಮೇವು. ಯಂತ್ರದಲ್ಲಿ ನುಣ್ಣಗೆ ಕೊಚ್ಚಿ ಬೆರೆಸಿದ ಮೇವಿನಲ್ಲಿ ಉಮ್ಮತ್ತಿ ಎಲೆ ಸೇರಿದ್ದರೆ ಮೇಕೆ ಅದನ್ನು ಬೇರೆ ಮಾಡಲಾರದು.

ನಾಲ್ಕು, ಹೊಸ ಜಾಗ. ಸಂತೆಯಿಂದ ತಂದ ಮೇಕೆಗೆ ನಿಮ್ಮ ಅಡವಿಯ ಗಿಡ ಗೊತ್ತಿರುವುದಿಲ್ಲ. ಮರಿ ತಾಯಿಯ ಜೊತೆ ತಿರುಗಿ ಗಿಡ ಕಲಿಯುತ್ತದೆ. ಬೇರೆ ಸೀಮೆಯ ಮೇಕೆ ಬಂದಾಗ ಮೊದಲ ಹದಿನೈದು ದಿನ ಕಣ್ಣಿಟ್ಟಿರಿ.

ಇವು ನಾಲ್ಕನ್ನೂ ನೆನಪಿಟ್ಟರೆ ಮುಂದಿನ ಪಟ್ಟಿ ಸುಲಭವಾಗುತ್ತದೆ.

ಧೈರ್ಯವಾಗಿ ಕೊಡಬಹುದಾದ ಸೊಪ್ಪು

ಮರದ ಸೊಪ್ಪಿನಲ್ಲಿ ಅತ್ತಿ, ಬಸರಿ, ಆಲ, ಅರಳಿ, ಗೋಣಿ ಒಳ್ಳೆಯವು. ಇವು ಬೇಸಿಗೆಯಲ್ಲೂ ಹಸಿರು ಹಿಡಿದಿರುತ್ತವೆ. ಹಲಸಿನ ಎಲೆ ಕಂಡರೆ ಮೇಕೆ ಓಡಿ ಬರುತ್ತದೆ. ಎಲಚಿ ಅಂದರೆ ಬೋರೆ ಸೊಪ್ಪು ಒಣಗಿಸಿ ಇಟ್ಟರೂ ತಿನ್ನುತ್ತವೆ. ಬನ್ನಿ ಸೊಪ್ಪು, ಕಮರದ ಸೊಪ್ಪು ಬರಗಾಲಕ್ಕೆ ಹೇಳಿ ಮಾಡಿಸಿದ್ದು. ನುಗ್ಗೆ, ಅಗಸೆ, ಹಿಪ್ಪುನೇರಳೆ ಮರಿಗಳಿಗೂ ಹಾಲು ಕೊಡುವ ಮೇಕೆಗೂ ಬಲ ಕೊಡುವ ಸೊಪ್ಪು. ಹೆಬ್ಬೇವು ಹಾಕಿದವರು ಕೆಳಗಿನ ರೆಂಬೆ ಸವರಿದಾಗ ಸೊಪ್ಪನ್ನು ಎಸೆಯಬೇಡಿ, ಮೇಕೆ ತಿನ್ನುತ್ತವೆ. ಹುಣಸೆ ಚಿಗುರು ಸಹ ಆಗುತ್ತದೆ.

ಗೊಬ್ಬರದ ಗಿಡ ಅಂತ ಬದುವಿನಲ್ಲಿ ಹಾಕುವ ಗ್ಲಿರಿಸಿಡಿಯಾ ವಿಷ ಎಂದು ಕೆಲವರು ಹೆದರುತ್ತಾರೆ. ಕುದುರೆಗೆ ಅದು ಆಗದು, ಮೇಕೆ ಕುರಿಗೆ ತೊಂದರೆ ಇಲ್ಲ. ವಾಸನೆಗೆ ಮೊದಲು ಮುಖ ತಿರುಗಿಸುತ್ತವೆ. ಸಂಜೆ ಕಡಿದು ಒಂದು ರಾತ್ರಿ ಬಾಡಲು ಬಿಟ್ಟು, ಬೇರೆ ಸೊಪ್ಪಿನ ಜೊತೆ ಕೊಟ್ಟರೆ ವಾರದಲ್ಲಿ ರೂಢಿ ಆಗುತ್ತದೆ.

ಹೊಲದ ಮೇವಿನಲ್ಲಿ ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಹುರುಳಿ ಹೊಟ್ಟು, ಅವರೆ ಹೊಟ್ಟು, ಕಡಲೆ ಹೊಟ್ಟು ಎಲ್ಲ ಚಿನ್ನದಂಥವು. ರಾಗಿ ಹುಲ್ಲು, ಸಜ್ಜೆ ಸೊಪ್ಪೆ ಹೊಟ್ಟೆ ತುಂಬಿಸಲು ಆದೀತು, ಬಲಕ್ಕೆ ದ್ವಿದಳದ ಹೊಟ್ಟೇ ಬೇಕು. ಬದುವಿನ ಗರಿಕೆ, ಉತ್ತರಾಣಿ, ಅಣ್ಣೆ ಸೊಪ್ಪು ಕಳೆ ಕಿತ್ತಾಗ ಸಿಗುವ ಪುಕ್ಕಟೆ ಮೇವು.

ಲೆಕ್ಕ ಬೇಕು ಅನ್ನುವವರಿಗೆ: ಮೂವತ್ತು ಕಿಲೋ ತೂಗುವ ಮೇಕೆಗೆ ದಿನಕ್ಕೆ ಒಣ ಲೆಕ್ಕದಲ್ಲಿ ಸುಮಾರು 1 ಕಿಲೋ ಮೇವು ಬೇಕು. ಹಸಿ ಸೊಪ್ಪೇ ಆದರೆ ಮೂರರಿಂದ ನಾಲ್ಕು ಕಿಲೋ. ಅರ್ಧ ಹಸಿ ಅರ್ಧ ಒಣ ಬೆರೆಸಿ ಕೊಡುವುದು ನನಗೆ ಹಿಡಿಸಿದ ಕ್ರಮ. ಸೊಪ್ಪನ್ನು ಕಟ್ಟು ಮಾಡಿ ಮೇಕೆಯ ತಲೆ ಎತ್ತರಕ್ಕೆ ತೂಗು ಹಾಕಿ. ನೆಲಕ್ಕೆ ಹಾಕಿದ್ದು ಮೂತ್ರ, ಹಿಕ್ಕೆ ತಾಗಿ ಹಾಳಾಗುತ್ತದೆ, ಜಂತುಹುಳವೂ ಅಲ್ಲಿಂದಲೇ ಹೊಟ್ಟೆ ಸೇರುತ್ತದೆ.

ಮಿತಿ ಇಟ್ಟು ಕೊಡಬೇಕಾದವು

ಸುಬಾಬುಲ್: ಬಲವಾದ ಮೇವು, ಮೇಕೆಗೆ ಬಹಳ ಇಷ್ಟ. ಅದರಲ್ಲಿ ಮೈಮೋಸಿನ್ ಎಂಬ ಅಂಶವಿದೆ. ಬರೀ ಅದನ್ನೇ ವಾರಗಟ್ಟಲೆ ಹಾಕಿದರೆ ಕೂದಲು ಉದುರುತ್ತದೆ, ಗಂಟಲ ಗ್ರಂಥಿ ಊದಿಕೊಳ್ಳುತ್ತದೆ, ಮೇಕೆ ಬಡಕಲಾಗುತ್ತದೆ. ಒಟ್ಟು ಮೇವಿನ ಮೂರನೇ ಒಂದು ಪಾಲು ಮೀರದಿದ್ದರೆ ತೊಂದರೆ ಇಲ್ಲ. ಇದರಲ್ಲಿ ಒಂದು ಸ್ವಾರಸ್ಯದ ಸಂಗತಿ ಇದೆ. ಆಸ್ಟ್ರೇಲಿಯಾದ ದನಗಳಿಗೆ ಸುಬಾಬುಲ್ ಆಗುತ್ತಿರಲಿಲ್ಲ, ಹವಾಯಿ ದ್ವೀಪದ ಆಡುಗಳು ಅದನ್ನೇ ತಿಂದು ಚೆನ್ನಾಗಿದ್ದವು. ಆ ಆಡುಗಳ ಹೊಟ್ಟೆಯಲ್ಲಿ ಈ ವಿಷ ಒಡೆಯುವ ಸೂಕ್ಷ್ಮಜೀವಿ ಇದೆ ಎಂದು ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಕಂಡುಕೊಂಡರು. ಅದನ್ನು ಆಸ್ಟ್ರೇಲಿಯಾದ ದನಗಳ ಹೊಟ್ಟೆಗೆ ಸೇರಿಸಿದ ಮೇಲೆ ಅವೂ ಸುಬಾಬುಲ್ ಅರಗಿಸಿಕೊಂಡವು. ವಿಷ ಎಲೆಯಲ್ಲಿ ಎಷ್ಟಿದೆ ಅನ್ನುವುದರ ಜೊತೆ ಹೊಟ್ಟೆಗೆ ಎಷ್ಟು ರೂಢಿ ಇದೆ ಅನ್ನುವುದೂ ಮುಖ್ಯ ಅಂತ ಇದರಿಂದ ತಿಳಿಯುತ್ತದೆ.

ಬಳ್ಳಾರಿ ಜಾಲಿ: ಎಲೆ ಮುಟ್ಟುವುದಿಲ್ಲ, ಹಣ್ಣಾದ ಕಾಯಿ ಅಂದರೆ ಪ್ರಾಣ. ಸಿಹಿ ಇರುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆಯ ಎಷ್ಟೋ ಮೇಕೆ ಬದುಕುವುದೇ ಇದರಿಂದ. ಬೇರೆ ಮೇವಿನ ಜೊತೆ ಆದರೆ ಒಳ್ಳೆಯದು. ತಿಂಗಳುಗಟ್ಟಲೆ ಬರೀ ಕಾಯಿಯೇ ಆಹಾರವಾದರೆ ದವಡೆಯ ನರ ಸೋತು, ಮೆಲುಕು ಹಾಕಲಾರದೆ ಜೊಲ್ಲು ಸುರಿಸುತ್ತ ಸೊರಗುತ್ತವೆ. ಬ್ರೆಜಿಲ್ ದೇಶದ ಒಣ ಸೀಮೆಯಲ್ಲಿ ದನ ಮತ್ತು ಆಡುಗಳಲ್ಲಿ ಈ ಕಾಯಿಲೆಯನ್ನು ಗುರುತಿಸಿದ್ದಾರೆ. ಇನ್ನೊಂದು ಮಾತು: ಕಾಯಿಯ ಬೀಜ ಅರಗದೆ ಹಿಕ್ಕೆಯಲ್ಲಿ ಬಂದು ಹೊಲದಲ್ಲೆಲ್ಲ ಜಾಲಿ ಹುಟ್ಟುತ್ತದೆ. ಕಾಯಿಯನ್ನು ಒಣಗಿಸಿ ಬೀಜ ಒಡೆಯುವ ಹಾಗೆ ಪುಡಿ ಮಾಡಿ ಕೊಟ್ಟರೆ ಎರಡೂ ಲಾಭ.

ಕರಿಜಾಲಿ ಕಾಯಿ: ಒಗರು ಹೆಚ್ಚು. ದಿನಕ್ಕೆ ಒಂದೆರಡು ಹಿಡಿ ಚಲೋ, ಅತಿಯಾದರೆ ಹಿಕ್ಕೆ ಗಟ್ಟಿಯಾಗುತ್ತದೆ, ತಿಂದ ಬೇರೆ ಮೇವೂ ಮೈಗೆ ಹತ್ತುವುದಿಲ್ಲ. ಬಿಳಿಜಾಲಿಯ ಎಳೆ ಚಿಗುರು, ಹಸಿ ಕಾಯಿಯಲ್ಲಿ ಕೂಳೆ ಜೋಳದಂಥದೇ ವಿಷ ಇರುವುದರಿಂದ ಹಸಿದ ಮೇಕೆಗೆ ಕಡಿದು ಹಾಕಬೇಡಿ.

ಬೇವು: ಸ್ವಲ್ಪ ಸ್ವಲ್ಪ ತಿನ್ನಲಿ, ದೋಷವಿಲ್ಲ. ಬೇವು ತಿನ್ನಿಸಿದರೆ ಜಂತು ಔಷಧ ಬೇಡ ಅನ್ನುವುದನ್ನು ಮಾತ್ರ ನಂಬಬೇಡಿ.

ಈರುಳ್ಳಿ: ರೇಟು ಬಿದ್ದ ವರ್ಷ ನಮ್ಮಲ್ಲಿ ಬದುವಿಗೆ ಸುರಿಯುತ್ತಾರೆ. ಮೇಕೆ ದನಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ, ಆದರೂ ದಿನಾ ಹೊಟ್ಟೆ ತುಂಬ ತಿಂದರೆ ರಕ್ತ ಕೆಡುತ್ತದೆ. ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡು ಮೂತ್ರ ಕೆಂಪಾದರೆ ಕೂಡಲೇ ನಿಲ್ಲಿಸಿ. ಕೊಳೆತದ್ದು ಬೇಡವೇ ಬೇಡ.

ಕುದುರೆ ಮಸಾಲೆ, ಹಸಿ ಅಲಸಂದೆ, ಹಸಿ ಶೇಂಗಾ ಬಳ್ಳಿ: ಇವು ವಿಷವಲ್ಲ. ಆದರೆ ಇಬ್ಬನಿಯಲ್ಲಿ ಒದ್ದೆಯಾದದ್ದನ್ನು ಬರೀ ಹೊಟ್ಟೆಗೆ ತಿಂದರೆ ನೊರೆ ಕಟ್ಟಿ ಎಡಗಡೆ ಹೊಟ್ಟೆ ಉಬ್ಬುತ್ತದೆ. ಮೊದಲು ಒಣ ಹುಲ್ಲು ತಿನ್ನಿಸಿ, ಬಿಸಿಲೇರಿದ ಮೇಲೆ ಇದನ್ನು ಕೊಡಿ.

ಕೂಳೆ ಜೋಳ: ಎಲ್ಲಕ್ಕಿಂತ ದೊಡ್ಡ ಶತ್ರು

ಮೇಕೆಯನ್ನು ಒಟ್ಟೊಟ್ಟಿಗೆ ಕೊಲ್ಲುವುದರಲ್ಲಿ ಇದಕ್ಕೆ ಸಮ ಇಲ್ಲ. ಮೋಸ ಏನೆಂದರೆ ಜೋಳ ನಮ್ಮ ಅನ್ನ, ಜೋಳದ ಸೊಪ್ಪೆ ನಮ್ಮ ದನದ ಅನ್ನ. ಅದರಲ್ಲಿ ವಿಷ ಇರುತ್ತದೆ ಅಂದರೆ ಮನಸ್ಸು ಒಪ್ಪುವುದಿಲ್ಲ.

ಎಳೆಯ ಜೋಳದ ಎಲೆಯಲ್ಲಿ ಒಂದು ವಸ್ತು ಇರುತ್ತದೆ. ಎಲೆ ಜಗಿದಾಗ ಅದು ಒಡೆದು ಸಯನೈಡ್ ಹೊರಬರುತ್ತದೆ. ಗಿಡ ಎಳೆಯದಾದಷ್ಟೂ ಜಾಸ್ತಿ. ನೀರಿಲ್ಲದೆ ಮುರುಟಿದ ಪೈರಿನಲ್ಲಿ ಜಾಸ್ತಿ. ಎಲ್ಲಕ್ಕಿಂತ ಜಾಸ್ತಿ ಇರುವುದು ಕೂಳೆಯಲ್ಲಿ. ಕಟಾವು ಆದ ಮೇಲೆ ಒಂದು ಮಳೆ ಬಿದ್ದರೆ ಬುಡದಿಂದ ಕಡು ಹಸಿರಾಗಿ ಚಿಗುರುತ್ತದಲ್ಲ, ಅದು. ಸುತ್ತ ಎಲ್ಲ ಒಣಗಿರುವಾಗ ಅದೊಂದೇ ಹಸಿರು ಕಾಣುತ್ತದೆ. ಹಸಿದ ಮಂದೆ ನೇರ ಅಲ್ಲಿಗೇ ನುಗ್ಗುತ್ತದೆ.

ಪಕ್ಕದ ಹಟ್ಟಿಯ ಒಬ್ಬರ ಮಂದೆ ಹೀಗೆ ನುಗ್ಗಿದ್ದನ್ನು ನಾನು ಕಂಡಿದ್ದೇನೆ. ಹತ್ತು ನಿಮಿಷಕ್ಕೆ ಮುಂದಿದ್ದ ಎರಡು ಮೇಕೆ ತೂರಾಡಿದವು. ಜೋರು ಉಸಿರು, ಬಾಯಲ್ಲಿ ನೊರೆ, ಕಾಲು ಒದೆಯುವುದು. ಮಂದೆ ಹೊರಗೆ ಹೊಡೆಯುವಷ್ಟರಲ್ಲಿ ಮೂರು ಬಿದ್ದಿದ್ದವು. ತಡವಾಗಿ ಬಂದ, ಕಡಿಮೆ ತಿಂದ ಮೇಕೆಗಳು ಉಳಿದವು. ಊರಿನವರು ಹಾವು ಕಚ್ಚಿದೆ ಅಂದರು, ಗಾಳಿ ಸೋಕಿದೆ ಅಂದರು. ಡಾಕ್ಟರು ಬಂದು ಒಸಡು ನೋಡಿ ಜೋಳ ಅಂದರು. ಈ ವಿಷದಲ್ಲಿ ಒಸಡು, ಕಣ್ಣಿನ ಒಳಗು ಕೆಂಪಗೆ ಹೊಳೆಯುತ್ತವೆ. ರಕ್ತದಲ್ಲಿ ಪ್ರಾಣವಾಯು ಇರುತ್ತದೆ, ಮೈ ಅದನ್ನು ಬಳಸಿಕೊಳ್ಳಲಾರದು. ಉಸಿರಾಡುತ್ತಲೇ ಉಸಿರುಗಟ್ಟಿ ಸಾಯುವುದು ಇದು.

ಇದಕ್ಕೆ ನಾವು ಪಾಲಿಸಬೇಕಾದ ನಿಯಮ ಇಷ್ಟೇ:

ಜೋಳದ ಪೈರು ಮೊಣಕಾಲು ಮಟ್ಟ ದಾಟುವ ತನಕ ಒಂದು ಎಲೆಯನ್ನೂ ಕೊಡಬಾರದು. ಹೂವಾಡಿದ ಮೇಲೆ ಕೊಯ್ದು ಕೊಡುವುದು ಕ್ಷೇಮ.

ಮುರುಟಿದ ಪೈರಿಗೆ ಮಳೆ ಬಿತ್ತು ಅಂತ ಮಾರನೇ ದಿನವೇ ಮೇಯಿಸಬಾರದು. ಆಗ ಹೊರಡುವ ಹೊಸ ಚಿಗುರೇ ಅಪಾಯ.

ಕೂಳೆ ಹೊಲಕ್ಕೆ ಮೇಕೆ ಬಿಡಬಾರದು. ಮೇಲೆ ಒಣಗಿ ಕಂಡರೂ ಬುಡದಲ್ಲಿ ಚಿಗುರು ಇರುತ್ತದೆ. ಹೊಲ ಉತ್ತು ಮುಗಿಸಿ.

ಕೊಯ್ದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಸೊಪ್ಪೆಯಲ್ಲಿ ಈ ವಿಷ ಬಹುಪಾಲು ಹಾರಿಹೋಗಿರುತ್ತದೆ. ಅರೆಬಾಡಿದ್ದು ಒಣಗಿದ್ದಲ್ಲ, ನೆನಪಿರಲಿ.

ಸಜ್ಜೆ, ರಾಗಿ, ಮುಸುಕಿನ ಜೋಳದಲ್ಲಿ ಈ ಭಯ ಇಲ್ಲವೆನ್ನಬಹುದು. ಆದರೆ ಅವಕ್ಕೆ ಬೇರೊಂದು ತೊಡಕಿದೆ. ಯೂರಿಯಾ ಜಾಸ್ತಿ ಹಾಕಿ ಮಳೆ ಕೈಕೊಟ್ಟರೆ ಗಿಡದ ದಂಟಿನ ಬುಡದಲ್ಲಿ ನೈಟ್ರೇಟ್ ಕೂಡಿಕೊಳ್ಳುತ್ತದೆ. ಅದನ್ನು ತಿಂದ ಮೇಕೆಯ ರಕ್ತ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಒಸಡು ಕಂದಾಗುತ್ತದೆ. ಒಣಗಿಸಿದರೂ ಈ ವಿಷ ಹೋಗುವುದಿಲ್ಲ. ಅಂಥ ಬೆಳೆ ಕೊಯ್ಯಬೇಕಾಗಿ ಬಂದರೆ ಬುಡದ ಒಂದು ಗೇಣು ಬಿಟ್ಟು ಮೇಲಕ್ಕೆ ಕೊಯ್ದು, ಬೇರೆ ಮೇವಿನ ಜೊತೆ ಸ್ವಲ್ಪ ಸ್ವಲ್ಪ ಕೊಡಬೇಕು.

ಬೇಡವೇ ಬೇಡ ಅನ್ನುವ ಗಿಡಗಳು

ಕಣಗಿಲೆ: ಕೆಂಪು, ಬಿಳಿ, ಹಳದಿ ಯಾವ ಹೂವಿನದಾದರೂ ಸರಿ. ಕೆಲವೇ ಎಲೆ ಸಾಕು, ಹೃದಯ ನಿಲ್ಲಿಸುತ್ತದೆ. ಒಣಗಿದರೂ ವಿಷ ಕಡಿಮೆಯಾಗದು. ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ, ಶಾಲೆ, ದೇವಸ್ಥಾನದ ಅಂಗಳದಲ್ಲಿ ಇದನ್ನೇ ನೆಟ್ಟಿರುತ್ತಾರೆ. ನಿಂತ ಗಿಡವನ್ನು ಮೇಕೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಸವರಿ ರಾಶಿ ಹಾಕಿದ ಬಾಡಿದ ರೆಂಬೆಯೇ ಅಪಾಯ. ಹಾಗೆ ಸವರಿದ್ದು ಕಂಡರೆ ಆ ದಾರಿಯಲ್ಲಿ ಮಂದೆ ಹೊಡೆಯಬೇಡಿ.

ಹರಳು: ಎಲೆಯೂ ಆಗದು, ಬೀಜವಂತೂ ಕಾಲಕೂಟ. ಶೇಂಗಾ ಹೊಲದ ಅಂಚಿಗೆ ಸಾಲು ಹಾಕಿದ ಹರಳು ಬರಗಾಲದಲ್ಲಿ ಒಂದೇ ಹಸಿರಾಗಿ ಉಳಿಯುತ್ತದೆ. ಹರಳು ಹಿಂಡಿ, ಹೊಂಗೆ ಹಿಂಡಿ ಎರಡೂ ಗೊಬ್ಬರಕ್ಕೆ ಮಾತ್ರ. ಮೇವಿನ ಹಿಂಡಿ ಇಡುವ ಕೋಣೆಯಲ್ಲಿ ಅವನ್ನು ಇಡಲೇಬಾರದು. ಬೇಲಿಗೆ ಹಾಕುವ ಕಾಡುಹರಳಿನ ಬೀಜವೂ ಅಷ್ಟೇ.

ಲಂಟಾನ: ಹೊಟ್ಟೆಗಿದ್ದಾಗ ತಿನ್ನುವುದಿಲ್ಲ. ಬರದಲ್ಲಿ, ಹೊಸ ಜಾಗದಲ್ಲಿ ತಿಂದು ಕೆಡುತ್ತವೆ. ಇದು ಪಿತ್ತಜನಕಾಂಗ ಹಾಳು ಮಾಡುತ್ತದೆ. ಕಣ್ಣು ಹಳದಿಯಾಗುತ್ತದೆ, ಹಿಕ್ಕೆ ನಿಲ್ಲುತ್ತದೆ, ಬಿಸಿಲು ತಾಗಿದ ಕಿವಿ, ಮೂತಿಯ ಚರ್ಮ ಸುಟ್ಟಂತೆ ಸುಲಿಯುತ್ತದೆ. ಅಂಥ ಮೇಕೆಯನ್ನು ಕತ್ತಲೆ ನೆರಳಿನಲ್ಲಿ ಕಟ್ಟಿ ಡಾಕ್ಟರಿಗೆ ತೋರಿಸಬೇಕು.

ಬೇಶರಂ ಗಿಡ: ಕೆರೆ ಅಂಗಳ, ಹಳ್ಳದ ದಡದಲ್ಲಿ ತಿಳಿ ನೇರಳೆ ಬಣ್ಣದ ತುತ್ತೂರಿಯಂಥ ಹೂ ಬಿಡುವ, ಕಡ್ಡಿ ಚುಚ್ಚಿದರೂ ಬದುಕುವ ಗಿಡ. ಇದು ಒಂದೇ ದಿನಕ್ಕೆ ಕೊಲ್ಲುವುದಿಲ್ಲ. ವಾರಗಟ್ಟಲೆ ತಿಂದರೆ ನರ ಸೋಲುತ್ತದೆ. ತಲೆ ನಡುಗುತ್ತದೆ, ಹಿಂಗಾಲು ಸೋತು ತೂರಾಡುತ್ತವೆ. ಕೆಟ್ಟದ್ದೆಂದರೆ ಒಮ್ಮೆ ರುಚಿ ಹತ್ತಿದ ಮೇಕೆ ಅದನ್ನೇ ಹುಡುಕಿಕೊಂಡು ಹೋಗುತ್ತದೆ. ಕೆರೆ ಅಂಗಳದಲ್ಲಿ ಮೇಯಿಸುವವರು ಗಮನಿಸಿ.

ಗುಲಗಂಜಿ ಬೀಜ, ಉಮ್ಮತ್ತಿ, ಎಕ್ಕದ ಹಾಲು ಇವೂ ವಿಷವೇ. ಕಾಂಗ್ರೆಸ್ ಹುಲ್ಲನ್ನು ಮೇಕೆ ತಾನಾಗಿ ಬಿಡುತ್ತದೆ. ಬೇರೆ ಮೇವಿನಲ್ಲಿ ಬೆರೆತು ಹೋದರೆ ಹಾಲು ಕಹಿಯಾಗುತ್ತದೆ, ಬಾಯಿ ಚರ್ಮಕ್ಕೆ ಹುಣ್ಣು ಬರುತ್ತದೆ. ಕೊಯ್ದ ಹೊರೆಯನ್ನು ಒಮ್ಮೆ ಬಿಚ್ಚಿ ನೋಡಿ ಹಾಕಿದರೆ ಇವೆಲ್ಲ ತಪ್ಪುತ್ತವೆ.

ಒಳ್ಳೆಯ ಮೇವೇ ಕೆಟ್ಟಾಗ

ವಿಷದ ಗಿಡಕ್ಕಿಂತ ಮನೆಯ ಮೇವಿನಿಂದ ಸತ್ತ ಮೇಕೆಗಳೇ ಹೆಚ್ಚಿರಬೇಕು.

ಕಾಳು: ಕಣದಲ್ಲಿ ರಾಶಿ ಹಾಕಿದ ಜೋಳ, ರಾಗಿ, ಮುಸುಕಿನ ಜೋಳಕ್ಕೆ ರಾತ್ರಿ ಮೇಕೆ ಬಿಚ್ಚಿಕೊಂಡು ಬಾಯಿ ಹಾಕಿದರೆ, ಮದುವೆ ಮನೆಯ ಮಿಕ್ಕ ಅನ್ನ ಬಕೆಟ್‌ಗಟ್ಟಲೆ ಸುರಿದರೆ ದೊಡ್ಡ ಹೊಟ್ಟೆಯಲ್ಲಿ ಹುಳಿ ಹೆಚ್ಚುತ್ತದೆ. ಮೆಲುಕು ನಿಲ್ಲುತ್ತದೆ, ಹೊಟ್ಟೆ ಮುಟ್ಟಿದರೆ ನೀರಿನ ಚೀಲದಂತೆ ಕುಲುಕುತ್ತದೆ, ನೀರುಭೇದಿ ಆಗಿ ಒಂದೆರಡು ದಿನದಲ್ಲಿ ಸಾಯುತ್ತದೆ. ಪ್ರೀತಿಯಿಂದ ಹಾಕಿದ್ದೇ ಮುಳುವಾಗುವುದು ಹೀಗೆ.

ಬೂಷ್ಟು: ಮಳೆಯಲ್ಲಿ ನೆನೆದ ಶೇಂಗಾ ಬಣವೆಯ ಒಳಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲೂ ಅಫ್ಲಟಾಕ್ಸಿನ್ ಎಂಬ ವಿಷ ಇರುತ್ತದೆ. ಇದು ನಿಧಾನ ಕೊಲ್ಲುವಂಥದು. ಮರಿ ಬೆಳೆಯುವುದಿಲ್ಲ, ಗಬ್ಬ ನಿಲ್ಲುವುದಿಲ್ಲ, ಮೇಕೆ ಸೊರಗುತ್ತದೆ, ಕಾರಣ ತಿಳಿಯುವುದಿಲ್ಲ. ಕಪ್ಪಾದ, ಮುಗ್ಗು ವಾಸನೆಯ ಮೇವನ್ನು ತಿಪ್ಪೆಗೆ ಹಾಕಿ.

ಔಷಧಿ ಹೊಡೆದ ಹೊಲ: ಹತ್ತಿ, ಮೆಣಸಿನಕಾಯಿ, ಟೊಮ್ಯಾಟೊ, ದಾಳಿಂಬೆ ತೋಟದ ಕಳೆ ಹಸಿರಾಗಿ ಚೆಂದ ಕಾಣುತ್ತದೆ. ಅಲ್ಲಿ ನಿನ್ನೆ ಏನು ಹೊಡೆದಿದ್ದಾರೋ ಹೊಲದವನಿಗೇ ಗೊತ್ತು. ಕೇಳದೆ ಕಳೆ ಕೊಯ್ಯಬೇಡಿ. ಔಷಧಿ ಹೊಡೆದವರೂ ಅಷ್ಟೇ, ಅಕ್ಕಪಕ್ಕದವರಿಗೆ ಒಂದು ಮಾತು ಹೇಳಿ, ಬದುವಿಗೆ ಒಂದು ಕೆಂಪು ಬಟ್ಟೆ ಕಟ್ಟಿ. ಬಿತ್ತನೆಗೆ ಬಣ್ಣದ ಔಷಧಿ ಹಚ್ಚಿದ ಶೇಂಗಾ ಬೀಜ ಉಳಿದರೆ ಮೇಕೆ ಕಾಣದ ಕಡೆ ಇಡಿ.

ಯೂರಿಯಾ: ಉಪ್ಪಿನ ಆಸೆಗೆ ಮೇಕೆ ಯೂರಿಯಾ ಚೀಲ ನೆಕ್ಕುತ್ತದೆ, ಗೊಬ್ಬರ ಕರಗಿಸಿದ ಡ್ರಮ್ಮಿನ ನೀರು ಕುಡಿಯುತ್ತದೆ. ಸ್ವಲ್ಪದಲ್ಲೇ ನಡುಕ ಬಂದು, ಹೊಟ್ಟೆ ಉಬ್ಬಿ ಸಾಯುತ್ತದೆ. ರೊಪ್ಪದಲ್ಲಿ ಉಪ್ಪಿನ ಗಟ್ಟಿ ತೂಗು ಹಾಕಿದ್ದರೆ ಈ ಚಟ ಬರುವುದಿಲ್ಲ.

ಹೊಸ ಮಳೆಯ ಹುಲ್ಲು: ಬೇಸಿಗೆಯೆಲ್ಲ ಒಣಗಿದ್ದನ್ನು ತಿಂದು, ಮೊದಲ ಮಳೆಗೆ ಎಳೆ ಹುಲ್ಲು ಸಿಕ್ಕಾಗ ಕೊಬ್ಬಿದ ಮೇಕೆ, ಮರಿ ಇದ್ದಕ್ಕಿದ್ದಂತೆ ಸಾಯುತ್ತವೆ. ಇದು ಹುಲ್ಲಿನ ವಿಷವಲ್ಲ, ಕರುಳು ಬೇನೆ. ಕರುಳಿನಲ್ಲಿರುವ ರೋಗಾಣು ಒಮ್ಮೆಲೇ ಹೆಚ್ಚಿ ವಿಷ ಉಗುಳುತ್ತದೆ. ಇದಕ್ಕೆ ಲಸಿಕೆ ಇದೆ, ಮುಂಗಾರಿಗೆ ಮೊದಲೇ ಹಾಕಿಸಬೇಕು.

ವಿಷ ಬಡಿದರೆ ಏನು ಮಾಡಬೇಕು

ಮೊದಲು ಮಂದೆಯನ್ನು ಆ ಜಾಗದಿಂದ ಹೊರಗೆ ಹೊಡೆಯಿರಿ. ಬಿದ್ದ ಒಂದರ ಸುತ್ತ ಎಲ್ಲರೂ ನಿಂತರೆ ಉಳಿದ ಒಂಬತ್ತು ಅಷ್ಟರಲ್ಲಿ ತಿಂದುಕೊಂಡಿರುತ್ತವೆ.

ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. 1962 ನಂಬರಿಗೆ ಫೋನು ಮಾಡಿದರೆ ಸರ್ಕಾರದ ಪಶು ಸಂಜೀವಿನಿ ವಾಹನಕ್ಕೆ ಹೇಳಬಹುದು. ಎಷ್ಟು ಮೇಕೆ, ಏನು ತಿಂದವು, ಎಷ್ಟು ಹೊತ್ತಾಯಿತು ಅಂತ ಮೂರು ಮಾತು ಸ್ಪಷ್ಟವಾಗಿ ಹೇಳಿ. ತಿಂದ ಗಿಡದ ಒಂದು ಕೊಂಬೆ ಕಿತ್ತಿಟ್ಟುಕೊಳ್ಳಿ. ಜೋಳದ ವಿಷಕ್ಕೆ ಡಾಕ್ಟರು ನರಕ್ಕೆ ಕೊಡುವ ಔಷಧಿ ಬೇರೆ, ನೈಟ್ರೇಟಿಗೆ ಬೇರೆ, ಬೆಳೆಗೆ ಹೊಡೆಯುವ ಔಷಧಿಯ ವಿಷಕ್ಕೆ ಬೇರೆ. ಏನು ತಿಂದಿದೆ ಅಂತ ತಿಳಿದರೆ ಅರ್ಧ ಗೆದ್ದ ಹಾಗೆ.

ಜೋಳದ ವಿಷದಲ್ಲಿ ನಿಮಿಷ ನಿಮಿಷವೂ ಲೆಕ್ಕ. ಬೆಲ್ಲದ ನೀರು, ಮಜ್ಜಿಗೆ, ಹೊಗೆಸೊಪ್ಪಿನ ನೀರು ಅಂತ ಓಡಾಡಿ ಹೊತ್ತು ಕಳೆಯಬಾರದು. ಬಿದ್ದು ಒದ್ದಾಡುವ ಮೇಕೆಯ ಬಾಯಿಗೆ ಏನನ್ನೂ ಹೊಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದು, ಬದುಕುವ ಮೇಕೆಯೂ ಸಾಯುತ್ತದೆ.

ಹಸಿ ಮೇವು ತಿಂದು ಬರೀ ಹೊಟ್ಟೆ ಉಬ್ಬಿದ್ದರೆ, ಮೇಕೆ ನಿಂತಿದ್ದರೆ, ಐವತ್ತರಿಂದ ನೂರು ಮಿಲಿ ಶೇಂಗಾ ಎಣ್ಣೆಯನ್ನು ನಿಧಾನವಾಗಿ ಕುಡಿಸಿ ನಡೆದಾಡಿಸಬಹುದು. ತಲೆಯನ್ನು ಆಕಾಶಕ್ಕೆ ಎತ್ತಬೇಡಿ, ಮೂತಿ ಬೆನ್ನಿನ ಮಟ್ಟಕ್ಕಿದ್ದರೆ ಸಾಕು. ಕಾಳು ತಿಂದದ್ದಾದರೆ ಅಡುಗೆ ಸೋಡಾ ಇಪ್ಪತ್ತು ಮೂವತ್ತು ಗ್ರಾಂ ಅರ್ಧ ಲೀಟರ್ ನೀರಿನಲ್ಲಿ ಕಲಸಿ ಹೀಗೆಯೇ ಕುಡಿಸಿ. ಇದು ಡಾಕ್ಟರು ಬರುವ ತನಕ ಮಾತ್ರ.

ಸತ್ತ ಮೇಕೆಯ ಮಾಂಸ ಹಂಚಿಕೊಳ್ಳುವ ಪದ್ಧತಿ ಕೆಲವು ಕಡೆ ಇದೆ. ವಿಷದಲ್ಲಿ ಸತ್ತದ್ದನ್ನು ತಿನ್ನಬೇಡಿ, ನಾಯಿಗೂ ಹಾಕಬೇಡಿ. ಹೂಳಿ.

ಬದುವಿನಲ್ಲೇ ಇದೆ ಪರಿಹಾರ

ಇಷ್ಟೆಲ್ಲ ಹೆಸರು ನೆನಪಿಟ್ಟುಕೊಳ್ಳುವುದು ಕಷ್ಟ ಅಂದರೆ ಒಂದೇ ಮಾತು ಸಾಕು: ಮೇಕೆಯನ್ನು ಹಸಿಯಲು ಬಿಡಬೇಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಅಂಥ ವರ್ಷಗಳಲ್ಲೇ ಕೂಳೆ ಜೋಳ, ಹರಳು, ಲಂಟಾನಕ್ಕೆ ಮೇಕೆ ಬಾಯಿ ಹಾಕುವುದು. ಬರ ಬರುವುದನ್ನು ನಾವು ತಡೆಯಲಾರೆವು, ಬದುವಿನಲ್ಲಿ ನಾಲ್ಕು ಗಿಡ ಇಡಬಲ್ಲೆವು.

ಮುಂಗಾರಿನಲ್ಲಿ ಬದುವಿನ ಮೇಲೆ ಮೂರು ನಾಲ್ಕು ಅಡಿಗೊಂದು ಗ್ಲಿರಿಸಿಡಿಯಾ ಕಡ್ಡಿ, ನಡುನಡುವೆ ಸುಬಾಬುಲ್, ನೀರು ಸೋಕುವ ಕಡೆ ಅಗಸೆ, ನುಗ್ಗೆ ಹಾಕಿ. ಮೊದಲ ವರ್ಷ ಮೇಕೆಯಿಂದಲೇ ಅವನ್ನು ಕಾಯಬೇಕು. ಮುಳ್ಳು ಮುಚ್ಚಿ. ಎರಡನೇ ವರ್ಷದಿಂದ ಎದೆಮಟ್ಟಕ್ಕೆ ಕತ್ತರಿಸುತ್ತ ಬನ್ನಿ. ಹೊಲದಲ್ಲಿ ತಾನಾಗಿ ಹುಟ್ಟಿದ ಬನ್ನಿ, ಎಲಚಿ, ಕಮರವನ್ನು ಕಡಿಯದೆ ಬಿಡಿ. ದೋಟಿಯಲ್ಲಿ ಕೊಯ್ಯುವಾಗ ಮರದ ಮೂರನೇ ಒಂದು ಪಾಲು ಸೊಪ್ಪು ಮರಕ್ಕೇ ಇರಲಿ. ಸುಗ್ಗಿಯಲ್ಲಿ ಶೇಂಗಾ, ತೊಗರಿ ಹೊಟ್ಟನ್ನು ಮಾರುವ ಮೊದಲು ನಿಮ್ಮ ಮೇಕೆಗೆ ಯುಗಾದಿಯಿಂದ ಮುಂಗಾರಿನ ತನಕ ಎಷ್ಟು ಬೇಕು ಅಂತ ಲೆಕ್ಕ ಹಾಕಿ ತೆಗೆದಿಡಿ.

ಬೆಳಗ್ಗೆ ರೊಪ್ಪ ಬಿಡುವ ಮೊದಲು ಒಂದು ಹಿಡಿ ಒಣ ಹೊಟ್ಟು, ಒಂದು ಬಾಯಿ ನೀರು. ಅಷ್ಟು ತಿಂದ ಮೇಕೆ ಅಡವಿಯಲ್ಲಿ ತನ್ನ ಬುದ್ಧಿ ತಾನು ಉಪಯೋಗಿಸುತ್ತದೆ. ಆರಿಸಿ ತಿನ್ನುವ ವಿದ್ಯೆ ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು.

ಒಂದೇ ಗಿಡಕ್ಕೆ ಸೀಮೆಗೊಂದು ಹೆಸರು. ನಿಮ್ಮ ಕಡೆ ಮೇಕೆಗೆ ಆಗುವ, ಆಗದ ಸೊಪ್ಪು ಯಾವುವು, ಅವನ್ನು ಏನಂತ ಕರೆಯುತ್ತೀರಿ ಅಂತ ಪತ್ರಿಕೆಗೆ ಬರೆಯಿರಿ. ಎಲ್ಲರ ಅನುಭವ ಕೂಡಿದರೆ ಎಷ್ಟೋ ರೊಪ್ಪ ಉಳಿದಾವು.